ಕೊನೆಯ ಚೌಕ: ಹಳೇ ಕಾಮಿಕ್ಸ್ ಬಗ್ಗೆ ನೀವು ಕೇಳಿದ್ದು

ಕಳೆದ ತಿಂಗಳು ಪತ್ತೇದಾರಿ ಕಾದಂಬರಿಗಳ ಬಗ್ಗೆ ಬರೆಯುತ್ತಾ, ಹಳೇ ಕಾಲದ ವಿಜ್ಞಾನ ಕಥೆ ಮತ್ತು ನಿಗೂಢ ಕಥೆಗಳ ಕಾಮಿಕ್ಸ್ ಬಗ್ಗೆ ಸುಮ್ನೆ ಎರಡು ಸಾಲು ಸೇರಿಸಿದ್ದೆ. ಕೊನೆಯ ಚಿತ್ರದ ಚೌಕದಲ್ಲಿ ಬೆನ್ನು ತಣ್ಣಗಾಗಿಸುವ ಆ ಐದು-ಆರು ಪುಟದ ಕಥೆಗಳು. ಅಷ್ಟಕ್ಕೇ ಇಷ್ಟು ಪತ್ರ! ಮಂಗಳೂರಿನ ಹಂಪನಕಟ್ಟೆಯ ಓಣಿಯಲ್ಲಿ ನಾನು ಬಾಡಿಗೆ ಪುಸ್ತಕದಂಗಡಿ ನಡೆಸುತ್ತಿದ್ದ ಕಾಲದ ಗಿರಾಕಿಗಳೂ ಬರೆದಿದ್ದಾರೆ. ಕೆಲವರಿಗೆ ಪುಸ್ತಕ ವಾಪಸ್ ಕೊಡದೇ ಇದ್ದದ್ದು ಈಗ ನೆನಪಾಗಿದೆಯಂತೆ. ಇರಲಿ, ನೀವೇ ಇಟ್ಟುಕೊಳ್ಳಿ.

ಒಂದು ಸೂಚನೆ. ಕಥೆಯ ಅಂತ್ಯ ಹೇಳದೆ ಉತ್ತರ ಕೊಡಲಾಗದ ಕಡೆ ಅಂತ್ಯ ಹೇಳಿಬಿಟ್ಟಿದ್ದೇನೆ.

ಪ್ರಶ್ನೆ: ಆಂಟಿ, ನಮ್ಮ ದೊಡ್ಡಜ್ಜ ಹಡಗಿನಲ್ಲಿ ಕೆಲಸಕ್ಕಿದ್ದರು. ಅವರ ಟ್ರಂಕಿನಲ್ಲಿ ದಪ್ಪನೆಯ ಒಂದು ಇಂಗ್ಲಿಷ್ ಕಾಮಿಕ್ಸ್ ಸಿಕ್ಕಿತು. ರಕ್ಷಾಪುಟಕ್ಕೆ ಬಣ್ಣ ಉಂಟು, ಒಳಗೆಲ್ಲ ಕಪ್ಪು-ಬಿಳುಪು. ಬೇರೆ ಗ್ರಹದವರು, ಮಾತಾಡುವ ಗೊಂಬೆ, ಕನ್ನಡಿಯೊಳಗಿನ ಮನುಷ್ಯ, ಇಂಥ ಸಣ್ಣ ಸಣ್ಣ ಕಥೆಗಳು. ಎಲ್ಲೂ ಇಸವಿ ಇಲ್ಲ. ಇದು ಯಾವ ಕಾಲದ್ದು? (ಇಂಜಿನಿಯರಿಂಗ್ ವಿದ್ಯಾರ್ಥಿ, ಸುರತ್ಕಲ್)

ಉತ್ತರ: ಬೆಲೆ ನೋಡು ಮಗಾ. ಇಸವಿ ಇಲ್ಲದ ಇಂಗ್ಲೆಂಡಿನ ಪುಸ್ತಕಕ್ಕೆ ಬೆಲೆಯೇ ಜಾತಕ. ಅಲ್ಲಿ 1971ರ ಫೆಬ್ರವರಿ 15ಕ್ಕೆ ಹಳೇ ಶಿಲ್ಲಿಂಗ್ ಲೆಕ್ಕ ಹೋಗಿ ದಶಮಾಂಶ ಲೆಕ್ಕ ಬಂತು. ಬೆಲೆ ಶಿಲ್ಲಿಂಗ್‌ನಲ್ಲಿದ್ದರೆ ಅದಕ್ಕಿಂತ ಹಿಂದಿನದು. ಅಂಕಿಯ ಪಕ್ಕ ಬರೀ ‘ಪಿ’ ಅಕ್ಷರ ಇದ್ದರೆ ಅದರ ನಂತರದ್ದು.

ನೀನು ಹೇಳಿದ ಲಕ್ಷಣ ಎಲ್ಲ ಸೇರಿಸಿದರೆ ಅಲನ್ ಕ್ಲಾಸ್ ಎಂಬ ಬ್ರಿಟಿಷ್ ಪ್ರಕಾಶಕರ ಪುಸ್ತಕ ಇರಬೇಕು ಅನ್ನಿಸುತ್ತದೆ. ರಕ್ಷಾಪುಟದಲ್ಲೋ ಒಳಗಿನ ಸಣ್ಣ ಅಕ್ಷರದಲ್ಲೋ ಆ ಹೆಸರು ಹುಡುಕು. 1959ರಿಂದ 1989ರ ತನಕ ಅವರು ಇದೇ ಕೆಲಸ ಮಾಡಿದರು. ಅಮೆರಿಕದ ಹಳೇ ಕಾಮಿಕ್ಸ್ ಕಥೆಗಳನ್ನು ಕೊಂಡು, ಬಣ್ಣ ತೆಗೆದು, 68 ಪುಟದ ಪುಸ್ತಕ ಮಾಡಿ ಮಾರುವುದು. ಇಸವಿ ಹಾಕುತ್ತಿರಲಿಲ್ಲ. ಜಾಣತನ ಅದು. ಇಸವಿ ಇಲ್ಲದ ಪುಸ್ತಕ ಹಳತಾಗುವುದೇ ಇಲ್ಲ, ಯಾವಾಗ ಬೇಕಾದರೂ ಮಾರಬಹುದು. ನನ್ನ ಅಂಗಡಿಗೂ ಇಂಥವು ರದ್ದಿಯವರ ಕೈಯಿಂದ ಬರುತ್ತಿದ್ದವು.

ಹಾಗಾಗಿ ಪುಸ್ತಕದ ವಯಸ್ಸು ಬೇರೆ, ಕಥೆಯ ವಯಸ್ಸು ಬೇರೆ. ಕಥೆಯ ಮೊದಲ ಚೌಕದ ಮೂಲೆಯಲ್ಲಿ ಸ್ಟ್ಯಾನ್ ಲೀ, ಸ್ಟೀವ್ ಡಿಟ್ಕೊ ಅನ್ನುವ ಸಹಿ ಉಂಟಾ ನೋಡು. ಇದ್ದರೆ ನಿನ್ನ ದೊಡ್ಡಜ್ಜನ ಆಯ್ಕೆಗೆ ನನ್ನದೊಂದು ನಮಸ್ಕಾರ. ಕಥೆಗಾರ ಲೀ, ಚಿತ್ರಗಾರ ಡಿಟ್ಕೊ, ಈ ಇಬ್ಬರೂ 1961-62ರಲ್ಲಿ ಬರೀ ಐದು ಪುಟದ ತಿರುವಿನ ಕಥೆಗಳಿಗೆಂದೇ ಒಂದು ಕಾಮಿಕ್ಸ್ ನಡೆಸಿದರು. ಡಿಟ್ಕೊ ಬರೆದ ಬೆದರಿದ ಮುಖಗಳನ್ನು, ಸೊಟ್ಟ ಬೆರಳುಗಳನ್ನು ಒಮ್ಮೆ ನೋಡಿದರೆ ಮರೆಯುವುದಿಲ್ಲ. ಪುಸ್ತಕ ಅಷ್ಟೇನೂ ಓಡಲಿಲ್ಲ. ಮುಚ್ಚುವ ಮೊದಲು ಕೊನೆಯ ಸಂಚಿಕೆಯಲ್ಲಿ, 1962ರ ಆಗಸ್ಟ್‌ನಲ್ಲಿ, ಹೊಸ ಹುಡುಗನೊಬ್ಬನ ಕಥೆ ಹಾಕಿದರು. ಅವನೇ ಸ್ಪೈಡರ್‌ಮ್ಯಾನ್. ಆ ಮೊದಲ ಕಥೆಯನ್ನು ಈಗ ಓದಿ ನೋಡು. ಸೂಪರ್ ಹೀರೋ ಕಥೆಯೇ ಅಲ್ಲ ಅದು, ಅಪ್ಪಟ ತಿರುವಿನ ಕಥೆ. ತನಗೆ ಸಂಬಂಧವಿಲ್ಲ ಎಂದು ಓಡಿಹೋಗಲು ಬಿಟ್ಟ ಕಳ್ಳನೇ ಚಿಕ್ಕಪ್ಪನನ್ನು ಕೊಂದವನು ಎಂದು ಕೊನೆಗೆ ಗೊತ್ತಾಗುತ್ತದೆ. ಜೇಡ ಕಚ್ಚಿದ್ದು ಬರೀ ನೆಪ.

ಪ್ರಶ್ನೆ: ಅಕ್ಕಾ, ನಮ್ಮ ಶಾಲೆಯ ಮಕ್ಕಳು ಗೋಡೆಪತ್ರಿಕೆಗೆ ಚಿತ್ರಕಥೆ ಬರೆಯುತ್ತಾರೆ. ಎಲ್ಲರಿಗೂ ಕೊನೆಯಲ್ಲಿ ತಿರುವು ಬೇಕು. ಆದರೆ ಓದುವ ಮಕ್ಕಳು ಮೊದಲೇ ಕಂಡುಹಿಡಿದು ಬಿಡುತ್ತಾರೆ. ಇಲ್ಲವೇ ಎಲ್ಲವೂ ಕನಸಾಗಿತ್ತು ಎಂದು ಮುಗಿಸುತ್ತಾರೆ. ಈ ಸಲ ಒಬ್ಬ ಆನೆಕೆರೆಗೆ ಬಾಹ್ಯಾಕಾಶ ನೌಕೆ ಬಿದ್ದ ಕಥೆ ಬರೆದಿದ್ದಾನೆ. ಅದನ್ನು ನೋಡಿದ ಹುಡುಗನ ಮಾತನ್ನು ಯಾರೂ ನಂಬುವುದಿಲ್ಲ. ಕೊನೆಗೆ ಅಮ್ಮ ಬಂದು ಎಬ್ಬಿಸುತ್ತಾಳೆ. ಇದನ್ನು ಸರಿ ಮಾಡುವುದು ಹೇಗೆ? (ಪ್ರಾಥಮಿಕ ಶಾಲೆಯ ಮೇಷ್ಟ್ರು, ಕಾರ್ಕಳ)

ಉತ್ತರ: ಮೇಷ್ಟ್ರೇ, ಮೊದಲು ಗೋಡೆಯ ವಿಷಯ. ಗೋಡೆಪತ್ರಿಕೆಯಲ್ಲಿ ಎಲ್ಲ ಚೌಕಗಳೂ ಒಟ್ಟಿಗೇ ಕಣ್ಣಿಗೆ ಬೀಳುತ್ತವೆ. ಯಾವ ಮಗು ಮೊದಲ ಚೌಕದಿಂದ ಓದುತ್ತದೆ ಹೇಳಿ? ಕಣ್ಣು ಸೀದಾ ಕೊನೆಗೆ ಹೋಗುತ್ತದೆ. ಮಕ್ಕಳು ಕಂಡುಹಿಡಿಯುತ್ತಿಲ್ಲ ಮಾರಾಯ್ರೇ, ನೀವೇ ತೋರಿಸುತ್ತಿದ್ದೀರಿ!

ಪುಸ್ತಕದಲ್ಲಿ ಈ ಕೆಲಸಕ್ಕೆ ಪುಟ ಮಗುಚುವುದು ಅಂತ ಒಂದು ಸೌಕರ್ಯ ಉಂಟು. ಬಲಗಡೆಯ ಪುಟ ಮಗುಚಿದಾಗ ಮಾತ್ರ ಎಡಗಡೆಯ ಹೊಸ ಪುಟ ಕಾಣುತ್ತದೆ. ಆದ್ದರಿಂದ ಗುಟ್ಟು ಎಡಪುಟದಲ್ಲಿದ್ದರೆ ಕ್ಷೇಮ. ಬಲಪುಟದಲ್ಲಿದ್ದರೆ ಎಡಪುಟ ಓದುವಾಗಲೇ ಓರೆಗಣ್ಣಿಗೆ ಸಿಕ್ಕಿಬೀಳುತ್ತದೆ. ಕೊನೆಯ ಚೌಕವನ್ನು ದೊಡ್ಡದಾಗಿ, ಕೆಂಪು ಬಣ್ಣ ಬಳಿದು ಬರೆದರೂ ಅದೇ ಕಥೆ. ಉಳಿದವುಗಳಷ್ಟೇ ಸಣ್ಣದು ಸಾಕು. ನಿಮ್ಮ ಗೋಡೆಗೆ ಉಪಾಯ ಸುಲಭ. ಕೊನೆಯ ಚೌಕದ ಮೇಲೆ ರಟ್ಟಿನ ಮುಚ್ಚಳ ಅಂಟಿಸಿ, ಎತ್ತಿ ನೋಡಬೇಕು. ಅಥವಾ ಅದೊಂದನ್ನು ಮಾರನೇ ದಿನ ಹಚ್ಚಿ. ರಾತ್ರಿಯಿಡೀ ಮಕ್ಕಳು ಕಥೆ ಕಟ್ಟಿಕೊಳ್ಳಲಿ.

ನನ್ನ ಅಂಗಡಿಯಲ್ಲೂ ಈ ರೋಗದವರಿದ್ದರು. ಬಾಡಿಗೆಗೆ ತಗೊಳ್ಳುವ ಮೊದಲು ನಿಂತಲ್ಲೇ ಕೊನೆಯ ಪುಟ ಓದುವವರು. ಕೊನೆಯ ಎರಡು ಹಾಳೆಗೆ ಪಿನ್ನು ಹೊಡೆದು ಇಡುತ್ತಿದ್ದೆ. ಆಗ ಹಿಂದಿನ ಗಿರಾಕಿಯೊಬ್ಬ ಮೊದಲ ಪುಟದಲ್ಲೇ ಪೆನ್ಸಿಲ್‌ನಲ್ಲಿ ‘ಡಾಕ್ಟರೇ ಕೊಲೆಗಾರ’ ಎಂದು ಬರೆದು ಹೋದ. ಕೈಬರಹ ಗೊತ್ತಿತ್ತು, ಮುಂದಿನ ಸಲ ಡಿಪಾಸಿಟ್ ಜಾಸ್ತಿ ಮಾಡಿದೆ.

ಈಗ ಕನಸಿನ ವಿಷಯಕ್ಕೆ ಬರೋಣ. ಕನಸು ಯಾಕೆ ಮೋಸ? ಅದಕ್ಕೆ ಹಿಂದಿನ ಪುಟಗಳು ಬೇಕಾಗುವುದೇ ಇಲ್ಲ. ಯಾವ ಕಥೆಯ ಕೊನೆಗೆ ಬೇಕಾದರೂ ಅಂಟಿಸಬಹುದು. ಒಳ್ಳೆಯ ತಿರುವು ಆ ಕಥೆಗೆ ಮಾತ್ರ ಸೇರಿದ್ದು. ಗೊತ್ತಾದ ಮೇಲೆ ವಾಪಸ್ ಮೊದಲ ಪುಟಕ್ಕೆ ಹೋಗಿ ನೋಡಿದರೆ, ಅಯ್ಯೋ, ಇಲ್ಲೇ ಇತ್ತಲ್ಲ ಅನ್ನಿಸಬೇಕು. ಎರಡನೇ ಓದಿನಲ್ಲಿ ರುಚಿ ಹೆಚ್ಚಬೇಕು. ಬಾಡಿಗೆ ಪುಸ್ತಕದವಳಿಗೆ ಇದನ್ನು ತಿಳಿಯಲು ರಿಜಿಸ್ಟರ್ ಸಾಕು. ಬೆಚ್ಚಿಬೀಳಿಸುವ ಪುಸ್ತಕವನ್ನು ಜನ ಒಮ್ಮೆ ಒಯ್ಯುತ್ತಾರೆ. ಪ್ರಾಮಾಣಿಕ ತಿರುವಿನ ಪುಸ್ತಕವನ್ನು ಅವರೇ ಮತ್ತೆ ಒಯ್ಯುತ್ತಾರೆ.

ಇದರಲ್ಲಿ ಪಳಗಿದವರು ನ್ಯೂಯಾರ್ಕಿನ ಇ.ಸಿ. ಕಾಮಿಕ್ಸ್‌ನವರು. ಒಡೆಯ ವಿಲಿಯಂ ಗೇನ್ಸ್, ಸಂಪಾದಕ ಆಲ್ ಫೆಲ್ಡ್‌ಸ್ಟೈನ್. ಇಂಥ ಕಥೆಗಳನ್ನು ಅವರು ಶುರು ಮಾಡಿದ್ದು 1950ರಲ್ಲಿ. ಗೇನ್ಸ್ ರಾತ್ರಿಯೆಲ್ಲ ಕಥೆ ಓದಿ, ಬೆಳಿಗ್ಗೆ ಒಂದಷ್ಟು ಎಳೆ ತರುತ್ತಿದ್ದ. ಫೆಲ್ಡ್‌ಸ್ಟೈನ್ ಒಂದನ್ನು ಆರಿಸಿ ಚಿತ್ರ ಬರೆಯುವ ಹಾಳೆಯ ಮೇಲೇ ನೇರ ಮಾತು ಬರೆದುಬಿಡುತ್ತಿದ್ದ. ಮೊದಲು ಅಕ್ಷರ, ಆಮೇಲೆ ಚಿತ್ರ. ಚಿತ್ರಗಾರನ ಕೈಗೆ ಹೋಗುವಾಗ ಚೌಕದ ಅರ್ಧ ಜಾಗ ಮಾತಿಗೇ ಹೋಗಿರುತ್ತಿತ್ತು. ಅದು ನನಗೆ ಅಷ್ಟು ಇಷ್ಟವಲ್ಲ. ಚಿತ್ರದಲ್ಲಿ ಕಾಣುವುದನ್ನೇ ಮೇಲೆ ಬರೆದೂ ಹೇಳುತ್ತಾರೆ. ನಿಮ್ಮ ಮಕ್ಕಳು ಆ ಚಟ ಕಲಿಯುವುದು ಬೇಡ.

ಆದರೆ 1953ರಲ್ಲಿ ಜೋ ಒರ್ಲಾಂಡೋ ಚಿತ್ರ ಬರೆದ ಅವರ ಏಳು ಪುಟದ ಒಂದು ಕಥೆ ಉಂಟು. ಅದನ್ನು ತರಗತಿಯಲ್ಲಿ ಹೇಳಿ. ಭೂಮಿಯಿಂದ ಒಬ್ಬ ಪರೀಕ್ಷಕ ರೋಬೋಟ್‌ಗಳ ಗ್ರಹಕ್ಕೆ ಬರುತ್ತಾನೆ. ನಕ್ಷತ್ರಲೋಕದ ಗಣರಾಜ್ಯಕ್ಕೆ ಸೇರಲು ಈ ಗ್ರಹ ಯೋಗ್ಯವಾ ಎಂದು ನೋಡುವುದು ಅವನ ಕೆಲಸ. ಮೈತುಂಬ ಬಾಹ್ಯಾಕಾಶದ ಉಡುಪು, ತಲೆಗೆ ಹೆಲ್ಮೆಟ್. ಅಲ್ಲಿನ ಕಿತ್ತಳೆ ರೋಬೋಟ್ ಹೆಮ್ಮೆಯಿಂದ ಎಲ್ಲ ತೋರಿಸುತ್ತದೆ. ನೀಲಿ ರೋಬೋಟ್‌ಗಳಿಗೆ ಬೇರೆ ಕೇರಿ, ಬೇರೆ ಕಾರ್ಖಾನೆ, ಬಸ್ಸಿನಲ್ಲಿ ಹಿಂದಿನ ಸೀಟು. ಪರೀಕ್ಷಕ ಕಾರ್ಖಾನೆಗೆ ಹೋಗಿ ನೋಡಿದರೆ ಎರಡರ ಒಳಗಿನ ಸಾಮಾನೂ ಒಂದೇ. ಮೇಲಿನ ಹೊದಿಕೆಯ ಬಣ್ಣ ಮಾತ್ರ ಬೇರೆ. ನೀವಿನ್ನೂ ತಯಾರಾಗಿಲ್ಲ ಎಂದು ಹೇಳಿ ಅವನು ನೌಕೆಗೆ ವಾಪಸಾಗುತ್ತಾನೆ. ಕೊನೆಯ ಚೌಕದಲ್ಲಿ ಹೆಲ್ಮೆಟ್ ತೆಗೆಯುತ್ತಾನೆ. ಅವನು ಕಪ್ಪು ವರ್ಣೀಯ.

ಗಮನಿಸಿ, ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಹೆಲ್ಮೆಟ್ ಮೊದಲ ಪುಟದಿಂದಲೂ ಅವನ ತಲೆಯ ಮೇಲೇ ಇತ್ತು. ಒಳಗೆ ಬಿಳಿ ಮುಖ ಇಟ್ಟವರು ಓದುಗರು. ಅಮೆರಿಕದ ಸುಪ್ರೀಂ ಕೋರ್ಟ್ ಶಾಲೆಗಳಲ್ಲಿ ಬಣ್ಣದ ಪ್ರಕಾರ ಮಕ್ಕಳನ್ನು ಬೇರೆ ಮಾಡುವುದು ತಪ್ಪು ಎಂದದ್ದು 1954ರ ಮೇ ತಿಂಗಳಲ್ಲಿ. ಕಥೆ ಅದಕ್ಕಿಂತ ಒಂದು ವರ್ಷ ಮೊದಲೇ ಬಂದಿತ್ತು, ಅದೂ ಹತ್ತು ಸೆಂಟಿನ ಮಕ್ಕಳ ಪುಸ್ತಕದಲ್ಲಿ.

ನಿಮ್ಮ ಹುಡುಗನ ಆನೆಕೆರೆ ಕಥೆ ಚೆನ್ನಾಗಿದೆ. ಅಮ್ಮನನ್ನು ಮಾತ್ರ ತೆಗೆದುಹಾಕಿ. ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಮೊದಲ ಚೌಕದಲ್ಲಿ ಮೇಷ್ಟ್ರು ಹಾಜರಿ ಕರೆಯುತ್ತಾರೆ, ಈ ಹುಡುಗನ ಹೆಸರು ಬರುವುದಿಲ್ಲ. ಎರಡರಲ್ಲಿ ಹೊರಗೆ ಜೋರು ಮಳೆ, ಎಲ್ಲರ ಅಂಗಿಯೂ ಒದ್ದೆ, ಇವನದು ಒಣಗಿದ್ದು. ಅದರ ಬಗ್ಗೆ ಒಂದು ಅಕ್ಷರ ಬರೆಯಬಾರದು, ಚಿತ್ರದಲ್ಲಿ ಇದ್ದರೆ ಸಾಕು. ಬಿಸಿಯೂಟದ ಹೊತ್ತಿಗೆ ಅವನ ತಟ್ಟೆ ಖಾಲಿ. ಕೆರೆಯಲ್ಲಿ ನೌಕೆ ಉಂಟು ಎಂದು ಅವನು ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಕೊನೆಯಲ್ಲಿ ಕೆರೆಯ ನೀರು ಸರಿಯುತ್ತದೆ, ನೌಕೆಯ ಬಾಗಿಲು ತೆರೆಯುತ್ತದೆ, ಒಳಗಿನಿಂದ ಯಾರೋ ಅವನ ಹೆಸರು ಹಿಡಿದು ಹಾಜರಿ ಕರೆಯುತ್ತಾರೆ. ಮುಚ್ಚಳ ಎತ್ತಿ ನೋಡಿದ ಮಗು ಮೊದಲ ಚೌಕಕ್ಕೆ ಓಡಿಹೋದರೆ ಗೆದ್ದಿರಿ. ಇದು ನನ್ನ ದಾರಿ, ಅವನು ಬೇರೆ ಹುಡುಕಲಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಹಳೇ ಕಾಮಿಕ್ಸ್ ಒಂದು ರಾಶಿ ಇದೆ, ಕೆಲವಕ್ಕೆ ರಕ್ಷಾಪುಟದ ಮೇಲಿನ ಅರ್ಧ ಹರಿದಿದೆ. ಲಕ್ಷಗಟ್ಟಲೆ ಸಿಗುತ್ತದೆ ಎಂದು ಭಾವ ಹೇಳುತ್ತಾರೆ. ಹೌದಾ? (ಬಂಟ್ವಾಳ)

ಉತ್ತರ: ಇಲ್ಲ. ನಿಮ್ಮ ಭಾವ ಓದಿದ್ದು ಅಮೆರಿಕದ ಮೊದಲ ಮುದ್ರಣದ, ಗೀರು ಕೂಡ ಬೀಳದ ಪ್ರತಿಗಳ ಸುದ್ದಿ. ರಕ್ಷಾಪುಟ ಅರ್ಧ ಹರಿದದ್ದು ಇಲಿಯ ಕೆಲಸ ಅಲ್ಲದೇ ಇರಬಹುದು. ಅಲ್ಲಿನ ಅಂಗಡಿಯವರು ಮಾರಾಟವಾಗದ ಪ್ರತಿಯ ಹೆಸರಿರುವ ಭಾಗ ಹರಿದು ವಿತರಕರಿಗೆ ಕಳಿಸಿ ದುಡ್ಡು ವಾಪಸ್ ಪಡೆಯುತ್ತಿದ್ದರು. ಉಳಿದ ಪುಸ್ತಕ ರದ್ದಿಗೆ ಹೋಗಬೇಕಿತ್ತು, ಹೋದದ್ದು ಪೇಟೆಗೆ. ಮಾರಬೇಡಿ, ಓದಿ.

ಪ್ರಶ್ನೆ: ಮೇಡಂ, ಮಗನಿಗೆ ಹತ್ತು ವರ್ಷ. ಅಣ್ಣನ ಮಗ ಕೊಟ್ಟ ಹಳೇ ಭೂತದ ಕಾಮಿಕ್ಸ್ ಓದಿ ರಾತ್ರಿ ಬಚ್ಚಲಿಗೆ ಒಬ್ಬನೇ ಹೋಗುವುದಿಲ್ಲ. ಆದರೆ ಪುಸ್ತಕ ಮಾತ್ರ ಬಿಡುವುದಿಲ್ಲ. ಕಿತ್ತುಕೊಳ್ಳಲೇ? (ತಾಯಿ, ಮಣಿಪಾಲ)

ಉತ್ತರ: ಕಿತ್ತುಕೊಂಡರೆ ಅಣ್ಣನ ಮಗನ ಮನೆಗೇ ಹೋಗಿ ಓದುತ್ತಾನೆ. ಮೊದಲು ನೀವು ಓದಿ. ಕೆಲವು ಹತ್ತು ವರ್ಷದವರಿಗಲ್ಲ, ಅದು ನಿಜ. ತಲೆ ಕಡಿಯುವುದು, ಹೂತವರು ಮಣ್ಣು ಕೆದರಿ ಎದ್ದು ಬರುವುದು, ಅಂಥವು. ನನ್ನ ಅಂಗಡಿಯಲ್ಲಿ ಅವು ಮೇಲಿನ ಹಲಗೆಯಲ್ಲಿರುತ್ತಿದ್ದವು. ಸ್ಟೂಲ್ ಇಲ್ಲದೆ ಕೈಗೆಟಕಿದವನಿಗೆ ಓದಬಹುದು ಎಂಬ ಲೆಕ್ಕ. ಗ್ರಹ, ಯಂತ್ರ, ಕಾಲಯಾನದ ಕಥೆಗಳು ಕೆಳಗೆ. ನೀವೂ ಹಾಗೆ ಬೇರೆ ಮಾಡಿ, ಎಲ್ಲ ಒಟ್ಟಿಗೆ ಕಟ್ಟಿ ಅಟ್ಟಕ್ಕೆ ಹಾಕಬೇಡಿ.

ಅಮೆರಿಕದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದ್ದರು, ಆಗಿದ್ದನ್ನು ಕೇಳಿ. ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯ ಕಾಮಿಕ್ಸ್ ಓದಿ ಮಕ್ಕಳು ಕೆಡುತ್ತಾರೆ ಎಂದು 1954ರಲ್ಲಿ ಪುಸ್ತಕ ಬರೆದ. ಅವನು ಕೆಟ್ಟ ಮನುಷ್ಯನಲ್ಲ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಬಡ ಕಪ್ಪು ಜನರಿಗಾಗಿ 1946ರಲ್ಲೇ ಕ್ಲಿನಿಕ್ ತೆರೆದವನು. ಆದರೆ ಅವನ ಕಾಗದಪತ್ರಗಳನ್ನು ಕ್ಯಾರಲ್ ಟಿಲ್ಲಿ ಎಂಬ ಪ್ರಾಧ್ಯಾಪಕಿ ಮುಂದೊಂದು ದಿನ ಕೂತು ಪರಿಶೀಲಿಸಿದರು. ಮಕ್ಕಳ ಮಾತುಗಳನ್ನು ತನಗೆ ಬೇಕಾದಂತೆ ತಿದ್ದಿದ್ದಾನೆ, ಸೇರಿಸಿದ್ದಾನೆ ಎಂದು 2012ರಲ್ಲಿ ಬರೆದರು.

1954ರ ಏಪ್ರಿಲ್‌ನಲ್ಲಿ ಸೆನೆಟ್ ಸಮಿತಿಯ ವಿಚಾರಣೆ ನಡೆಯಿತು. ಗೇನ್ಸ್ ತಾನಾಗಿಯೇ ಹೋಗಿ ಸಾಕ್ಷಿ ಹೇಳಿದ. ಕೊಡಲಿ ಹಿಡಿದವನ ಇನ್ನೊಂದು ಕೈಯಲ್ಲಿ ಹೆಂಗಸಿನ ತಲೆ ಇರುವ ರಕ್ಷಾಪುಟ ತೋರಿಸಿ, ಇದು ಒಳ್ಳೆಯ ಅಭಿರುಚಿಯಾ ಎಂದು ಸೆನೆಟರ್ ಕೆಫಾವರ್ ಕೇಳಿದರು. ಭಯಾನಕ ಕಾಮಿಕ್ಸ್‌ಗೆ ಹೌದು ಎಂದುಬಿಟ್ಟ! ಮರುದಿನ ಪೇಪರಿನವರು ಬಿಡುತ್ತಾರಾ? ಅಕ್ಟೋಬರ್‌ನಲ್ಲಿ ಪ್ರಕಾಶಕರೇ ಸೇರಿ ನಿಯಮ ಮಾಡಿಕೊಂಡರು. ಶೀರ್ಷಿಕೆಯಲ್ಲಿ ‘ಹಾರರ್’, ‘ಟೆರರ್’ ಶಬ್ದ ಬರಬಾರದು. ರಕ್ತ ಹೀರುವವರು, ನಡೆದಾಡುವ ಹೆಣ ಯಾವುದೂ ಬೇಡ. ಪ್ರತಿ ಕಥೆಯಲ್ಲೂ ಒಳ್ಳೆಯದೇ ಗೆಲ್ಲಬೇಕು. ನಿಯಮಕ್ಕೆ ಒಪ್ಪಿದ ಪುಸ್ತಕದ ರಕ್ಷಾಪುಟಕ್ಕೆ ಒಂದು ಮುದ್ರೆ. ಆ ಮುದ್ರೆ ಇಲ್ಲದ ಪುಸ್ತಕವನ್ನು ಹೆಚ್ಚಿನ ವಿತರಕರು ಮುಟ್ಟುತ್ತಿರಲಿಲ್ಲ.

ತಮಾಷೆ ಏನು ಗೊತ್ತಾ? ಭೂತಗಳು ಹೋದವು ಸರಿ. ಆದರೆ ಮೇಲೆ ಕಾರ್ಕಳದ ಮೇಷ್ಟ್ರಿಗೆ ಹೇಳಿದೆನಲ್ಲ, ಆ ರೋಬೋಟ್ ಕಥೆಯನ್ನು ಗೇನ್ಸ್ 1956ರಲ್ಲಿ ಮತ್ತೆ ಅಚ್ಚು ಹಾಕಲು ಹೊರಟಾಗ ಮುದ್ರೆ ಕೊಡುವವರಿಂದ ಅದಕ್ಕೂ ತಕರಾರು ಬಂತು. ಹೆಲ್ಮೆಟ್ ಒಳಗಿನವನು ಕಪ್ಪು ವರ್ಣೀಯ ಆಗಿರಬಾರದಂತೆ. ಅವನನ್ನು ಬದಲಿಸಿದರೆ ಕಥೆಯೇ ಇಲ್ಲವಲ್ಲ! ಗೇನ್ಸ್ ಜಗಳವಾಡಿ, ಇದ್ದ ಹಾಗೇ ಅಚ್ಚು ಹಾಕಿಸಿದ. ಇ.ಸಿ.ಯವರ ಕೊನೆಯ ಕಾಮಿಕ್ಸ್ ಪುಸ್ತಕ ಅದೇ. ಆಮೇಲೆ ಅವನ ಕೈಯಲ್ಲಿ ಉಳಿದದ್ದು ನಗೆಪತ್ರಿಕೆ ‘ಮ್ಯಾಡ್’ ಒಂದೇ, ಅದು ಚೆನ್ನಾಗಿ ಓಡಿತು.

ಬಚ್ಚಲಿನ ವಿಷಯ. ಲೈಟು ಹಾಕಿ ಕೊಡಿ. ಒಂದೆರಡು ತಿಂಗಳಲ್ಲಿ ಸರಿಯಾಗುತ್ತಾನೆ.

ಪ್ರಶ್ನೆ: ಅಮೆರಿಕ, ಇಂಗ್ಲೆಂಡ್ ಎಂದೇ ಹೇಳುತ್ತೀರಿ. ನಮ್ಮಲ್ಲಿ ಇಂಥದ್ದು ಇರಲಿಲ್ಲವೇ? (ನಿವೃತ್ತ ಬ್ಯಾಂಕ್ ನೌಕರ, ಕುಂದಾಪುರ)

ಉತ್ತರ: ಇತ್ತಲ್ಲ ಸರ್, ನೀವೇ ಓದಿರುತ್ತೀರಿ. ‘ಚಂದಮಾಮ’ದ ಬೇತಾಳ ಕಥೆ. ಹೆಗಲ ಮೇಲೆ ಹೆಣ ಹೊತ್ತು ಕತ್ತಿ ಹಿಡಿದು ನಡೆಯುವ ರಾಜ, ಶಂಕರ್ ಬರೆದ ಆ ಚಿತ್ರ. ಬೇತಾಳ ಕಥೆ ಹೇಳಿ ಪ್ರಶ್ನೆ ಕೇಳುತ್ತದೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಒಡೆಯುತ್ತದೆ. ಹೇಳಿದರೆ ಮೌನ ಮುರಿದು ಹೆಣ ಮರಕ್ಕೆ ಹಾರುತ್ತದೆ. ಜಾಣನಾಗಿರುವುದೇ ಅವನಿಗೆ ಶಿಕ್ಷೆ! ಈ ಚೌಕಟ್ಟು ಹನ್ನೊಂದನೇ ಶತಮಾನದಲ್ಲಿ ಕಾಶ್ಮೀರದ ಸೋಮದೇವನ ‘ಕಥಾಸರಿತ್ಸಾಗರ’ದಲ್ಲೇ ಉಂಟು. ಅಲ್ಲಿರುವುದು ಇಪ್ಪತ್ತೈದೇ ಕಥೆ. ‘ಚಂದಮಾಮ’ದವರು ಅದೇ ಮರಕ್ಕೆ ಹೊಸ ಹೊಸ ಕಥೆ ನೇತುಹಾಕುತ್ತಾ ದಶಕಗಟ್ಟಲೆ ನಡೆಸಿದರು.

1964ರಲ್ಲಿ ಶುರುವಾದ ‘ಇಂದ್ರಜಾಲ ಕಾಮಿಕ್ಸ್’ ಕನ್ನಡದಲ್ಲೂ ಬಂತು. ಫ್ಯಾಂಟಮ್, ಮಾಂಡ್ರೇಕ್ ಎಲ್ಲರಿಗೂ ಗೊತ್ತು. ಅವು ಸಾಹಸ ಕಥೆಗಳು, ನಾಯಕ ಗೆಲ್ಲುತ್ತಾನೆ ಎಂದು ಮೊದಲೇ ತಿಳಿದಿರುತ್ತದೆ. ತಿರುವಿನ ಕಥೆಯಲ್ಲಿ ನಾಯಕನಿಗೆ ಆ ಗ್ಯಾರಂಟಿ ಇಲ್ಲ.

ಇನ್ನು ನಮ್ಮ ಕರಾವಳಿಯದ್ದೇ ಕೇಳಿದರೆ, ಕುಲೆಗಳ, ಅಂದರೆ ಸತ್ತವರ ಆತ್ಮಗಳ, ಮದುವೆಗಿಂತ ವಿಚಿತ್ರ ಕಥೆ ಯಾವ ಕಾಮಿಕ್ಸ್‌ನಲ್ಲಿ ಉಂಟು? ಮದುವೆಯಾಗದೆ ಸತ್ತವರಿಗೆ ವರ್ಷಗಳ ನಂತರ ಸಂಬಂಧ ನೋಡಿ, ಎರಡೂ ಮನೆಯವರು ಕೂತು ಮಾತಾಡಿ, ಆಟಿ ತಿಂಗಳಲ್ಲಿ ಸೀರೆ ಇಟ್ಟು, ಊಟ ಹಾಕಿ ಮದುವೆ ಮಾಡಿಸುತ್ತಾರೆ. ಅಮೆರಿಕದ ಕಾಮಿಕ್ಸ್‌ನಲ್ಲಿ ಸತ್ತವನು ಎದ್ದು ಬಂದರೆ ಸೇಡಿಗೇ ಬರುವುದು, ಸಾಧಾರಣವಾಗಿ ಹೆಂಡತಿ ಮೇಲೋ ವ್ಯಾಪಾರದ ಪಾಲುದಾರನ ಮೇಲೋ. ನಮ್ಮ ಕುಲೆಗೆ ಬೇಕಾದ್ದು ಒಂದು ಸಂಸಾರ. ಯಾರಾದರೂ ಚಿತ್ರ ಬರೆಯುವ ಹುಡುಗ ಹುಡುಗಿಯರು ಇದನ್ನು ಆರು ಪುಟದಲ್ಲಿ ಮಾಡಿ ತೋರಿಸಿ. ನಗಿಸಲು ಮಾತ್ರ ಹೋಗಬೇಡಿ, ಆ ಮನೆಯವರಿಗೆ ಅದು ನಗುವ ವಿಷಯವಲ್ಲ.

ಪ್ರಶ್ನೆ: ಈಗ ಇಂಥವನ್ನು ದುಡ್ಡಿಲ್ಲದೆ, ಕದಿಯದೆ ಓದಬಹುದಾ? (ಪಿಯುಸಿ ವಿದ್ಯಾರ್ಥಿನಿ, ಪುತ್ತೂರು)

ಉತ್ತರ: ಓದಬಹುದು. ಅಮೆರಿಕದಲ್ಲಿ 1964ಕ್ಕಿಂತ ಮೊದಲು ಅಚ್ಚಾದ ಪುಸ್ತಕದ ಹಕ್ಕನ್ನು 28ನೇ ವರ್ಷದಲ್ಲಿ ನವೀಕರಿಸಬೇಕಿತ್ತು. ಎಷ್ಟೋ ಸಣ್ಣ ಪ್ರಕಾಶಕರು ಅಷ್ಟು ಹೊತ್ತಿಗೆ ಬಾಗಿಲು ಹಾಕಿದ್ದರು, ಯಾರೂ ನವೀಕರಿಸಲಿಲ್ಲ. ಅವು ಈಗ ಅಲ್ಲಿ ಸಾರ್ವಜನಿಕರ ಸೊತ್ತು. ‘ಡಿಜಿಟಲ್ ಕಾಮಿಕ್ ಮ್ಯೂಸಿಯಂ’ ಎಂದು ಹುಡುಕಿದರೆ ಅಂಥವನ್ನೇ ಆರಿಸಿ ಇಟ್ಟಿದ್ದಾರೆ. 1940ರ ದಶಕದ ಗ್ರಹಾಂತರ ಕಥೆಗಳಿಂದ ಶುರು ಮಾಡು. ವಿಜ್ಞಾನ ಪೂರಾ ತಪ್ಪು, ಶುಕ್ರಗ್ರಹದಲ್ಲಿ ಕಾಡು ಬೆಳೆದಿರುತ್ತದೆ, ಆದರೂ ಮಜಾ. ಸ್ವಲ್ಪ ಹೊಸತು ಬೇಕಾದರೆ ಸ್ಕಾಟ್ಲೆಂಡಿನಿಂದ 1979ರಿಂದ 1991ರವರೆಗೆ ಬಂದ ‘ಸ್ಟಾರ್‌ಬ್ಲೇಜರ್’ ಎಂಬ ಕಿಸೆ ಪುಸ್ತಕಗಳು. ಹಳೇ ಪುಸ್ತಕದಂಗಡಿಯಲ್ಲಿ ಯುದ್ಧದ ಕಾಮಿಕ್ಸ್ ಕಟ್ಟಿನ ನಡುವೆ ಹುಡುಕು.

ಪ್ರಶ್ನೆ: ಮಳೆಗಾಲದಲ್ಲಿ ಕಾಮಿಕ್ಸ್ ಉಳಿಸುವುದು ಹೇಗೆ? ಲ್ಯಾಮಿನೇಷನ್ ಮಾಡಿಸಲೇ? (ಕಟಪಾಡಿ)

ಉತ್ತರ: ಅಯ್ಯೋ, ಬೇಡ! ಒಳಗಿನ ತೇವ ಒಳಗೇ ಉಳಿಯುತ್ತದೆ, ಮತ್ತೆ ಬಿಡಿಸಲಾಗುವುದಿಲ್ಲ. ಸೆಲ್ಲೋಟೇಪ್ ಕೂಡ ಬೇಡ, ಅಂಟು ಹಳದಿಯಾಗಿ ಅಕ್ಷರ ತಿನ್ನುತ್ತದೆ. ಹರಿದದ್ದಕ್ಕೆ ತೆಳು ಟಿಶ್ಯೂ ಕಾಗದ, ಗೋಧಿ ಹಿಟ್ಟಿನ ಗಂಜಿ ಸಾಕು. ಈ ಪುಸ್ತಕಗಳು ಅಗ್ಗದ ನ್ಯೂಸ್‌ಪ್ರಿಂಟ್. ಮರದ ತಿರುಳಿನಲ್ಲಿರುವ ಲಿಗ್ನಿನ್ ಹಾಗೇ ಉಳಿದಿರುತ್ತದೆ. ಬೆಳಕಿಗೆ, ಗಾಳಿಗೆ ಅದು ಹಳದಿಯಾಗುತ್ತದೆ, ಹುಳಿ ಬಿಡುತ್ತದೆ, ಕಾಗದ ಪುಡಿಯಾಗುತ್ತದೆ. ಹಾಗಾಗಿ ಬಿಸಿಲಿಗೆ ಒಡ್ಡಬೇಡಿ. ಹೆಂಚಿನ ಕೆಳಗಿನ ಅಟ್ಟ ಬೇಸಿಗೆಯಲ್ಲಿ ಕಾದು, ಮಳೆಯಲ್ಲಿ ಸೋರುವ ಜಾಗ, ಅಲ್ಲೂ ಬೇಡ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಸುರಿಯುವ ಊರು ನಮ್ಮದು. ಪಿನ್ನಿಗೆ ತುಕ್ಕು ಹಿಡಿದಿದ್ದರೆ ನಿಧಾನ ಬಿಡಿಸಿ, ಹತ್ತಿ ದಾರದಲ್ಲಿ ಹೊಲಿಯಿರಿ. ಗಾಳಿ ಆಡುವ ಕಬ್ಬಿಣದ ಕಪಾಟು, ನಡುವೆ ಸಿಲಿಕಾ ಜೆಲ್ ಪೊಟ್ಟಣ. ದೀಪಾವಳಿ ಕಳೆದ ಮೇಲೆ ನೆರಳಲ್ಲಿ ಹರಡಿ ಒಂದೊಂದೇ ಪುಟ ಬಿಡಿಸಿ ನೋಡಿ, ಬೆಳ್ಳಿ ಬಣ್ಣದ ಹುಳ ಓಡಿದರೆ ಅಲ್ಲೇ ಮುಗಿಸಿ.

ಪ್ರಶ್ನೆ: ಅಕ್ಕಾ, ಬೊಂಬಾಯಿಯಲ್ಲಿ ಹೋಟೆಲಿನ ಕೆಲಸಕ್ಕಿದ್ದಾಗ ಫುಟ್‌ಪಾತಿನಲ್ಲಿ ಕೊಂಡ ಒಂದು ಕಾಮಿಕ್ಸ್ ಇನ್ನೂ ಮರೆತಿಲ್ಲ. ಒಬ್ಬ ವಯಸ್ಸಾದವ ನೆಲದಡಿಯ ರೈಲು ಹತ್ತುತ್ತಾನೆ. ಅದೇ ಡಬ್ಬಿಗೆ ಕಪ್ಪು ಬಟ್ಟೆಯವನೊಬ್ಬ ಹತ್ತುತ್ತಾನೆ. ಅವನನ್ನು ನೋಡಿ ಇವನಿಗೆ ಹಿಟ್ಲರನ ಕಾಲದ ಕ್ಯಾಂಪುಗಳ ನೆನಪು. ಕೊನೆಯ ಪುಟ ಇರಲಿಲ್ಲ. ಏನಾಯಿತು? (ಮಲ್ಪೆ)

ಉತ್ತರ: ನಿಮಗೆ ಸಿಕ್ಕಿದ್ದು ಸಾಮಾನ್ಯ ಕಥೆಯಲ್ಲ. 1955ರಲ್ಲಿ ಇ.ಸಿ.ಯವರಲ್ಲೇ ಬಂದದ್ದು, ಚಿತ್ರ ಬರ್ನಾರ್ಡ್ ಕ್ರಿಗ್‌ಸ್ಟೈನ್. ಅವನಿಗೆ ಕೊಟ್ಟದ್ದು ಆರು ಪುಟ. ಸಾಲದು ಎಂದು ಹಠ ಹಿಡಿದು, ಅಕ್ಷರ ಬರೆದಿದ್ದ ಹಾಳೆಗಳನ್ನೇ ಕತ್ತರಿಸಿ ಅಂಟಿಸಿ ಎಂಟು ಪುಟ ಮಾಡಿದ. ಓಡುವ ರೈಲಿನ ಕಿಟಕಿಯಲ್ಲಿ ಒಂದೇ ಮುಖ ಸಾಲಾಗಿ ಕಾಣುವ ಚೌಕ ನೆನಪುಂಟಲ್ಲ? ಅಂಥದ್ದನ್ನು ಅಲ್ಲಿಯವರೆಗೆ ಕಾಮಿಕ್ಸ್‌ನಲ್ಲಿ ಯಾರೂ ಅಷ್ಟು ಚೆನ್ನಾಗಿ ಮಾಡಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಅಂತ್ಯ ಹೀಗೆ. ಬೆದರಿದ ಆ ರೈಸ್‌ಮನ್ ಎಂಬವನನ್ನು ನೀವು ಕ್ಯಾಂಪಿನಿಂದ ಬದುಕಿ ಬಂದ ಕೈದಿ ಎಂದುಕೊಂಡಿದ್ದಿರಿ, ಅಲ್ವಾ? ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಅವನು ಕೈದಿಯಲ್ಲ, ಬೆಲ್ಸನ್ ಕ್ಯಾಂಪಿನ ಅಧಿಕಾರಿ. ಕಪ್ಪು ಬಟ್ಟೆಯವನು ಸೇಡು ತೀರಿಸುತ್ತೇನೆ ಎಂದು ಅಂದು ಶಪಥ ಮಾಡಿದವನು. ರೈಸ್‌ಮನ್ ರೈಲಿನಿಂದಿಳಿದು ಪ್ಲಾಟ್‌ಫಾರ್ಮಿನಲ್ಲಿ ಓಡುತ್ತಾನೆ, ಜಾರಿ ಹಳಿಗೆ ಬೀಳುತ್ತಾನೆ, ಎದುರಿನಿಂದ ರೈಲು ಬರುತ್ತದೆ. ನಿಮ್ಮ ನೆನಪಿನಲ್ಲಿರುವ ಪುಟಗಳನ್ನು ಮತ್ತೊಮ್ಮೆ ಮನಸ್ಸಿನಲ್ಲೇ ಮಗುಚಿ ನೋಡಿ. ಅವನು ಕೈದಿ ಎಂದು ಕಥೆ ಎಲ್ಲೂ ಹೇಳಿರಲಿಲ್ಲ.

ಜನ ಸೇರುತ್ತಾರೆ, ಏನಾಯಿತು ಎಂದು ಕೇಳುತ್ತಾರೆ. ಕಪ್ಪು ಬಟ್ಟೆಯವನು ತನಗೆ ಆ ಮನುಷ್ಯನ ಪರಿಚಯವೇ ಇಲ್ಲ ಎಂದು ಹೇಳಿ ನಡೆದುಬಿಡುತ್ತಾನೆ. ಇಲ್ಲಿ ಓದುಗರಲ್ಲಿ ಎರಡು ಪಕ್ಷ. ಅವನು ಸುಳ್ಳು ಹೇಳಿದ ಎಂದು ಒಂದು ಪಕ್ಷ. ನಿಜಕ್ಕೂ ಅವನು ಯಾರೋ ದಾರಿಹೋಕ, ರೈಸ್‌ಮನ್‌ನನ್ನು ಅಟ್ಟಿಸಿದ್ದು ಅವನದೇ ಹೆದರಿಕೆ ಎಂದು ಇನ್ನೊಂದು. ನಾನು ಮೊದಲ ಪಕ್ಷ. ನೀವು ಯಾವ ಕಡೆ ಎಂದು ಕಾರ್ಡು ಹಾಕಿ.